ಪದ ಪರಿಚಯ: ಪತ್ತು

‘ಪತ್ತಿನ ಸಹಕಾರ ಸಂಘ’ ಎಂಬ ಫಲಕ ಓದುವಾಗ ಮೊದಲ ಪದದ ಮೇಲೆ ಕಣ್ಣು ನಿಲ್ಲುವುದು ಅಪರೂಪ. ಪತ್ತು ಎಂದರೆ ಸಾಲ. ಅದರೊಳಗೆ, ಕೊಟ್ಟದ್ದು ಹಿಂದಿರುಗುತ್ತದೆ ಎಂಬ ನಂಬಿಕೆ. ಮರಾಠಿಯ ‘ಪತ’ ಇದರ ನೆಂಟ. ಅಲ್ಲಿ ಅದು ಸಾಲ ಹುಟ್ಟುವ ಯೋಗ್ಯತೆಯೂ ಹೌದು, ಮಾನವೂ ಹೌದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ನಿಂತದ್ದು ಇಂಥ ಪತ್ತಿನ ಮೇಲೆ.

ಹೆಸರು ಕೆಟ್ಟು ಬ್ಯಾಂಕಿಗೆ ಒದಗುವ ಅಪಾಯಕ್ಕೆ ಮೇಲ್ವಿಚಾರಣೆಯ ಭಾಷೆಯಲ್ಲಿ ‘ರೆಪ್ಯುಟೇಶನ್ ರಿಸ್ಕ್’ ಎಂದು ಹೆಸರು. ಅದನ್ನು ‘ಖ್ಯಾತಿ ಅಪಾಯ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಂಕು ಕಳೆದುಕೊಳ್ಳುವುದು ಖ್ಯಾತಿಯನ್ನಲ್ಲ, ಪತ್ತನ್ನು. ಠೇವಣಿಯ ಬಹುಪಾಲು ಸಾಲವಾಗಿ ಹೊರಗಿರುತ್ತದೆ. ವದಂತಿ ಹಬ್ಬಿ ಜನ ಸಾಲುಗಟ್ಟಿದರೆ ಗಟ್ಟಿ ಬ್ಯಾಂಕಿಗೂ ನಗದು ಸಾಲದು.

ಆದರೆ ಪತ್ತನ್ನು ಅಳೆಯುವ ಕೋಲು ಯಾವುದು? ಅಮೆರಿಕದಲ್ಲಿ ಇದೇ ಜಗಳವಾಯಿತು. ಕಾನೂನುಬದ್ಧ ವ್ಯವಹಾರದವರ ಖಾತೆಗಳನ್ನೂ ‘ಬ್ಯಾಂಕಿನ ಹೆಸರು ಕೆಡುತ್ತದೆ’ ಎಂಬ ನೆಪದಲ್ಲಿ ಮುಚ್ಚಿಸಲಾಗುತ್ತಿದೆ ಎಂಬ ದೂರು ಬೆಳೆಯಿತು. 2025ರ ಜೂನ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ಬ್ಯಾಂಕ್ ತಪಾಸಣೆಯಿಂದ ‘ರೆಪ್ಯುಟೇಶನ್ ರಿಸ್ಕ್’ ಅಂಶವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಳೆಯಬಲ್ಲ ಹಣಕಾಸಿನ ಅಪಾಯಗಳ ತಪಾಸಣೆ ಉಳಿಯಿತು.