ಕಾಡುದಾರಿಯ ಬಂದೂಕು: ಸುರಪುರ ಸೀಮೆಯ ಇತಿಹಾಸ

ಊರ ಗಡಿ ದಾಟಿ ಗುಡ್ಡ, ಕುರುಚಲು ಕಾಡು, ಹೊಳೆಯ ದಂಡೆಗಳಲ್ಲಿ ತಿರುಗುವಾಗ ಕಾಡುಪ್ರಾಣಿಗಳಿಂದಲೂ ದರೋಡೆಕೋರರಿಂದಲೂ ಜೀವ ಉಳಿಸಿಕೊಳ್ಳಲು ಬಂದೂಕು ಒಯ್ಯುವ ರೂಢಿ ಕರ್ನಾಟಕದ ಎರಡು ಸೀಮೆಗಳಲ್ಲಿ ಆಳವಾಗಿ ಬೇರೂರಿತ್ತು. ಒಂದು ದಕ್ಷಿಣದ ಕೊಡಗು, ಇನ್ನೊಂದು ಕೃಷ್ಣಾ–ಭೀಮಾ ನದಿಗಳ ನಡುವಿನ ಸುರಪುರ. ಕೊಡಗಿನ ಕೋವಿಗೆ ಇಂದಿಗೂ ಕಾನೂನಿನ ರಕ್ಷಣೆಯಿದೆ, ಹಬ್ಬದ ಪೂಜೆಯೂ ಇದೆ. ಸುರಪುರದ ಬಂದೂಕಿನ ಕಥೆ ಮಾತ್ರ 1858ರ ಬಂಡಾಯದ ಪುಟಗಳೊಳಗೆ ಸೇರಿಹೋಗಿದೆ. ಯುದ್ಧಕ್ಕೆ ಹೋಗುವ ಮೊದಲು ಅದು ದಾರಿ ಕಾಯುವ, ಹೊಲ ಕಾಯುವ, ಬೇಟೆಯಾಡುವ ಆಯುಧವಾಗಿತ್ತು. ಆ ಬಳಕೆಯನ್ನು ಬಿಟ್ಟು ನೋಡಿದರೆ ಬಂಡಾಯದ ತೀವ್ರತೆ ಅರ್ಥವಾಗುವುದಿಲ್ಲ.

ನೆಲ ಮತ್ತು ಜನ

ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಲಿನ ನೆಲ ಒಂದೇ ಬಗೆಯದಲ್ಲ. ಎರೆಭೂಮಿಯ ಬಯಲು ಮುಗಿಯುತ್ತಿದ್ದಂತೆ ಒಂದರ ಮೇಲೊಂದು ಪೇರಿಸಿಟ್ಟಂಥ ಕಗ್ಗಲ್ಲಿನ ಗುಂಡುಗಳ ಗುಡ್ಡಸಾಲು ಏಳುತ್ತದೆ. ಬಂಡೆಗಳ ಸಂದುಗಳಲ್ಲಿ ಚಿರತೆ, ಕರಡಿ, ಮುಳ್ಳುಹಂದಿ. ಬಯಲಲ್ಲಿ ತೋಳ, ಕೃಷ್ಣಮೃಗ, ಕಾಡುಹಂದಿ. ಮಳೆಗಾಲದಲ್ಲಿ ಕೃಷ್ಣೆ ತುಂಬಿದರೆ ಹರಿಗೋಲೇ ಗತಿ, ಅದೂ ನಿಂತರೆ ಪ್ರಯಾಣಿಕ ದಂಡೆಯ ಮೇಲೆಯೇ ರಾತ್ರಿ ಕಳೆಯಬೇಕು. ಇಂಥ ಕಡೆ ಒಬ್ಬಂಟಿಯಾಗಿ, ಬರಿಗೈಯಲ್ಲಿ ಹೊರಡುವವರು ಕಡಿಮೆ.

ಈ ನೆಲದ ಕಾವಲು ಬಹುಕಾಲ ಬೇಡ ಸಮುದಾಯದ ಕೈಯಲ್ಲಿತ್ತು. ಬೇಟೆ ಅವರ ಮೂಲ ಕಸುಬು. ಗ್ರಾಮದ ತಳವಾರಿಕೆಯೂ ಅನೇಕ ಊರುಗಳಲ್ಲಿ ಅವರದೇ. ತಳವಾರನ ಕೆಲಸ ಕಳ್ಳನನ್ನು ಹಿಡಿಯುವುದಷ್ಟೇ ಆಗಿರಲಿಲ್ಲ. ಊರಿಗೆ ಬಂದ ಪರಸ್ಥಳದವರನ್ನು, ವ್ಯಾಪಾರಿಗಳನ್ನು ಮುಂದಿನ ಊರಿನ ಸೀಮೆಯವರೆಗೆ ಕಳಿಸಿಬರುವ ಹೊಣೆಯೂ ಅವನದು. ಅದಕ್ಕೆ ಪ್ರತಿಯಾಗಿ ಅವನಿಗೆ ಉಂಬಳಿಯ ಹೊಲ, ಸುಗ್ಗಿಯಲ್ಲಿ ಕಾಳಿನ ಪಾಲು. ಹೀಗಾಗಿ ದಾರಿಯ ರಕ್ಷಣೆ ಇಲ್ಲಿ ಪ್ರಯಾಣಿಕನ ಸ್ವಂತ ಏರ್ಪಾಡಾಗಿರಲಿಲ್ಲ. ಆಯುಧ ಹಿಡಿದ ಒಬ್ಬ ಸ್ಥಳೀಕ ಜೊತೆಗೆ ನಡೆಯುತ್ತಿದ್ದ, ಅವನ ಹಿಂದೆ ಒಂದು ಊರಿನ ಮಾತು ಇರುತ್ತಿತ್ತು. ಈ ಅಂಶವನ್ನು ನೆನಪಿನಲ್ಲಿಡಬೇಕು. ಇಂದಿನ ಲೈಸೆನ್ಸ್ ಪದ್ಧತಿ ಬಂದೂಕನ್ನು ಒಬ್ಬ ವ್ಯಕ್ತಿಯ ಹೆಸರಿಗೆ ಕಟ್ಟುತ್ತದೆ, ಅಂದು ಅದು ಒಂದು ಕರ್ತವ್ಯಕ್ಕೆ ಕಟ್ಟಿಕೊಂಡಿತ್ತು.

ಲಂಬಾಣಿಗರು ಇನ್ನೊಂದು ಉದಾಹರಣೆ. ಎತ್ತಿನ ಹೇರುಗಳ ಮೇಲೆ ಕಾಳು, ಉಪ್ಪು ಸಾಗಿಸುತ್ತ ದಖ್ಖನ್ನಿನ ಉದ್ದಗಲಕ್ಕೆ ತಿರುಗುತ್ತಿದ್ದ ಅವರ ತಾಂಡಾಗಳು ಈಟಿ, ಕತ್ತಿ, ಬಂದೂಕು ಮತ್ತು ದೊಡ್ಡ ನಾಯಿಗಳ ಕಾವಲಿನಲ್ಲಿ ಸಾಗುತ್ತಿದ್ದವು. ಸೈನ್ಯಗಳಿಗೆ ಕಾಳು ಒದಗಿಸುವವರೂ ಅವರೇ ಆದ್ದರಿಂದ ಯಾವ ಅರಸನೂ ಅವರ ಆಯುಧ ಕಸಿಯುವ ಯೋಚನೆ ಮಾಡಲಿಲ್ಲ. ಸುರಪುರ, ಶಹಾಪುರ ಭಾಗದ ಇಂದಿನ ತಾಂಡಾಗಳು ಆ ಅಲೆದಾಟ ನಿಂತ ಮೇಲೆ ನೆಲೆಯಾದ ಊರುಗಳು.

ಬತ್ತಿಯ ಬಂದೂಕು

17ನೇ ಶತಮಾನದ ಬಂದೂಕು ಎಂದರೆ ಉರಿಯುವ ಬತ್ತಿಯದು. ಉದ್ದನೆಯ ಕಬ್ಬಿಣದ ನಳಿಗೆ. ಅದರ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕು. ಪಕ್ಕದ ಕಿವಿಯಲ್ಲಿ ಚಿಟಿಕೆ ಮದ್ದು ಇಟ್ಟು, ಕೆಂಡವಾಗಿರುವ ಹತ್ತಿಯ ಹುರಿಯನ್ನು ಕುದುರೆ ಒತ್ತಿ ಅದಕ್ಕೆ ತಾಗಿಸಬೇಕು. ಮದ್ದು ಮನೆಯಲ್ಲೇ ತಯಾರಾಗುತ್ತಿತ್ತು: ಪೆಟ್ಲುಪ್ಪು, ಗಂಧಕ, ಇದ್ದಿಲು. ಮಳೆ ಬಂದರೆ ಬತ್ತಿ ಆರುತ್ತದೆ, ಮದ್ದು ಒದ್ದೆಯಾಗುತ್ತದೆ. ರಾತ್ರಿಯಲ್ಲಿ ಕೆಂಡದ ಕಿಡಿ ದೂರಕ್ಕೆ ಕಾಣುತ್ತದೆ. ಹುರಿಯ ವಾಸನೆ ಪ್ರಾಣಿಯ ಮೂಗಿಗೆ ಮೊದಲೇ ಮುಟ್ಟುತ್ತದೆ. ನುರಿತವನಿಗೂ ಎರಡನೆಯ ಸಲ ಮದ್ದು ತುಂಬಲು ಅರ್ಧ ನಿಮಿಷದಷ್ಟು ಹೊತ್ತು ಬೇಕು, ಮೈಮೇಲೆ ಬರುವ ಹಂದಿ ಅಷ್ಟು ಕಾಯುವುದಿಲ್ಲ.

ಹಾಗಾಗಿ ಕಾಡಿನಲ್ಲಿ ಒಬ್ಬನಿಗೆ ಸಿಗುವುದು ಒಂದೇ ಈಡು. ಅದು ತಪ್ಪಿದರೆ ಈಟಿ, ಕೊಡಲಿ, ನಾಯಿ ಮತ್ತು ಪಕ್ಕದವನ ಬಂದೂಕು. ಬೇಡರ ಗುರಿಗಾರಿಕೆ ಹುಟ್ಟಿದ್ದು ಈ ಕೊರತೆಯಿಂದ. ಬಂಡೆಯ ಮರೆಯಲ್ಲಿ ಅಲುಗದೆ ಕೂರುವುದು, ಗಾಳಿಯ ದಿಕ್ಕು ನೋಡುವುದು, ತೀರ ಹತ್ತಿರ ಬರುವವರೆಗೆ ಕಾಯುವುದು, ಗುಂಪಾಗಿ ಹೋಗಿ ಈಡುಗಳನ್ನು ಹಂಚಿಕೊಳ್ಳುವುದು: ಇವೆಲ್ಲ ಬೇಟೆ ಕಲಿಸಿದ ಪಾಠಗಳು.

ವಾಗಣಗೇರಾ, 1705

ಈ ವಿದ್ಯೆಯ ಬಲ ಜಗತ್ತಿಗೆ ಗೊತ್ತಾದದ್ದು ಸುರಪುರದ ಸಮೀಪದ ವಾಗಣಗೇರಾ ಕೋಟೆಯಲ್ಲಿ. ಶಹಾಪುರದ ಬಳಿಯ ಸಗರ ಬೇಡ ನಾಯಕರ ಹಳೆಯ ನೆಲೆ. ಬಿಜಾಪುರ, ಗೋಲ್ಕೊಂಡಗಳ ಪತನದ ಬಳಿಕ, 1687ರಲ್ಲಿ, ಪಾಮ ನಾಯಕ ಅದನ್ನು ಮೊಘಲರಿಗೆ ಬಿಟ್ಟುಕೊಟ್ಟ. ಅವರ ಪಾಳೆಯಕ್ಕೆ ಹೋದ ಸ್ವಲ್ಪ ದಿನದಲ್ಲೇ ತೀರಿಕೊಂಡ. ಉತ್ತರಾಧಿಕಾರಿ ಪಿಡ್ಡ ನಾಯಕ ವಾಗಣಗೇರಾದಲ್ಲಿ ಬಲ ಕೂಡಿಸಿದ. 1705ರ ಫೆಬ್ರವರಿಯಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದ. ಆಗ ಅವನಿಗೆ 86 ವರ್ಷ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇದು.

ಕೋಟೆಗೆ ಎದುರಿನ ಲಾಲ್ ಟೇಕಡಿ ಎಂಬ ಗುಡ್ಡವನ್ನು ಮೊಘಲರು ಹಿಡಿದರೂ ಬೇಡರು ಗುಂಪುಗುಂಪಾಗಿ ಏರಿ, ಕಲ್ಲು–ಗುಂಡುಗಳ ಮಳೆಗರೆದು ಅವರನ್ನು ಇಳಿಸಿದರು. ರಾತ್ರಿ ದಾಳಿಗಳು ನಿಲ್ಲಲಿಲ್ಲ. ಸಂಧಾನದ ಮಾತಾಡುತ್ತ ಪಿಡ್ಡ ನಾಯಕ ಹೊತ್ತು ಗಳಿಸಿದ. ಧನಾಜಿ ಜಾಧವ ಮುಂತಾದ ಮರಾಠ ಸರದಾರರು ನೆರವಿಗೆ ಬಂದರು. ಮೊಘಲ್ ಸೇನಾನಿ ಜುಲ್ಫಿಕಾರ್ ಖಾನನನ್ನು ಕರೆಸಿಕೊಂಡ ಮೇಲೆಯೇ ಮುತ್ತಿಗೆ ಬಿಗಿಯಾದದ್ದು. ಏಪ್ರಿಲ್ ಕೊನೆಯಲ್ಲಿ ಕೋಟೆ ಕೈವಶವಾದಾಗ ಒಳಗೆ ಹಿಡಿಯಲು ನಾಯಕನಿರಲಿಲ್ಲ. ಮನೆಗಳಿಗೆ ಬೆಂಕಿಯಿಟ್ಟು ಬೇಡರು ರಾತ್ರೋರಾತ್ರಿ ಗುಡ್ಡಗಳಲ್ಲಿ ಕರಗಿಹೋಗಿದ್ದರು. ದಣಿದ ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಅಲ್ಲಿಯೇ ತೀವ್ರ ಕಾಯಿಲೆ ಬಿದ್ದ. ಪಿಡ್ಡ ನಾಯಕನ ವಂಶ ಸುರಪುರವನ್ನು ರಾಜಧಾನಿ ಮಾಡಿಕೊಂಡು ಮುಂದೆ ಒಂದೂವರೆ ಶತಮಾನ ಆಳಿತು.

ಇತಿಹಾಸಕಾರರು ಇದನ್ನು ಸೈನಿಕ ಘಟನೆಯಾಗಿ ವಿವರಿಸುತ್ತಾರೆ. ಆದರೆ ಇಲ್ಲಿ ಹೋರಾಡಿದ ವಿಧಾನ ಪೂರ್ತಿ ಬೇಟೆಯದು. ಮರೆ, ಕತ್ತಲೆ, ಒಂದೇ ಈಡಿನ ಮಿತವ್ಯಯ, ಬೇಕಾದಾಗ ಚದುರಿಹೋಗುವ ಜಾಣ್ಮೆ. ಮೊಘಲರ ತೋಪುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ದಾರಿಯ ಭಯ, ಟೇಲರ್‌ನ ಕಾಲ

19ನೇ ಶತಮಾನದ ಮೊದಲರ್ಧದಲ್ಲಿ ದಖ್ಖನ್ನಿನ ಹೆದ್ದಾರಿಗಳಲ್ಲಿ ಠಕ್ಕರ ಭಯ. ಪ್ರಯಾಣಿಕರ ಜೊತೆಗೆ ಸ್ನೇಹ ಬೆಳೆಸಿ, ಉರುಲು ಬಿಗಿದು ಕೊಲ್ಲುವ ಇವರ ಎದುರು ಹೆಗಲ ಬಂದೂಕು ಕೆಲಸಕ್ಕೆ ಬಾರದು. ಠಕ್ಕರ ಲೋಕವನ್ನು 1839ರಲ್ಲಿ ಕಾದಂಬರಿಯಾಗಿಸಿದ ಫಿಲಿಪ್ ಮೆಡೋಸ್ ಟೇಲರ್‌ನೇ ಎರಡು ವರ್ಷಗಳ ಬಳಿಕ ಸುರಪುರಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದ. 1853ರವರೆಗೆ, ಬಾಲಕ ರಾಜ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವ ತನಕ, ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ಬೇಡರ ಸಾವಿರಾರು ಬಂದೂಕುಗಳ ನಡುವೆ ಅವನು ಆಡಳಿತ ನಡೆಸಿದ್ದು ಆಯುಧ ಕಿತ್ತುಕೊಂಡು ಅಲ್ಲ, ಅವರ ಮುಖಂಡರ ಜೊತೆ ಮಾತಾಡಿ. ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ, ಕಂದಾಯ ಸರಿಪಡಿಸಿದ. ರಾಜ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಅವನು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ. ಆಯುಧ ಹೊತ್ತ ಜನರನ್ನು ನಂಬಿ ಆಳಬಹುದು ಎಂಬುದಕ್ಕೆ ಆ ವರ್ಷಗಳಿಗಿಂತ ಬಲವಾದ ಸಾಕ್ಷಿ ಈ ಸೀಮೆಯಲ್ಲಿ ಬೇರೆಯಿಲ್ಲ.

ಕಾನೂನು ಬಂದದ್ದು

1857ರ 28ನೇ ಕಾಯಿದೆ ಎಲ್ಲವನ್ನೂ ತಿರುಗಿಸಿತು. ಸರ್ಕಾರದಲ್ಲಿ ನೋಂದಾಯಿಸದೆ ಆಯುಧ ಇಟ್ಟುಕೊಳ್ಳುವುದು ಅಪರಾಧವಾಯಿತು. ಪಶ್ಚಿಮಕ್ಕೆ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆಯೂ ಹೊಲದ ಕಾವಲೂ ಬದುಕಾಗಿದ್ದವರಿಗೆ ಅದು ಅನ್ನ ಕಳೆದುಕೊಂಡಂತೆ. ನವೆಂಬರ್ ಕೊನೆಯಲ್ಲಿ ಕಂಪನಿಯ ಪಡೆ ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಆ ಕಥೆ ಹೇಳುವ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ.

ಸುರಪುರ ನಿಜಾಮನ ಅಧೀನದ ಸಂಸ್ಥಾನವಾದ್ದರಿಂದ ಕಂಪನಿಯ ಕಾಯಿದೆ ಇಲ್ಲಿಗೆ ನೇರವಾಗಿ ತಾಗಲಿಲ್ಲ. ಆದರೆ ರಾಜ ಅರಬರನ್ನೂ ರೋಹಿಲರನ್ನೂ ಸೇರಿಸಿಕೊಳ್ಳುತ್ತಿದ್ದುದು ಬ್ರಿಟಿಷರ ಸಂಶಯಕ್ಕೆ ಗುರಿಯಾಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ಹೊರಗೆ ಬೀಡುಬಿಟ್ಟ ಬ್ರಿಟಿಷ್ ಪಡೆಯ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ. ಹೈದರಾಬಾದಿಗೆ ಹೋದ ರಾಜನನ್ನು ನಿಜಾಮನ ದಿವಾನ ಸಾಲಾರ್ ಜಂಗ್ ಹಿಡಿದು ಬ್ರಿಟಿಷರಿಗೆ ಒಪ್ಪಿಸಿದ. ಸೆರೆವಾಸಕ್ಕೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿ ಬಿಟ್ಟುಹೋಗಿದ್ದ ರಿವಾಲ್ವರಿನಿಂದ ಗುಂಡು ಹಾರಿ ರಾಜ ತೀರಿಕೊಂಡನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಇದೇ ಹೊತ್ತಿನಲ್ಲಿ ಕೊಡಗಿನಲ್ಲಿ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಬೇಕು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕಾರಣ ಅವರು ಸರ್ಕಾರಕ್ಕೆ ಸಲ್ಲಿಸಿದ ಸೇವೆ. ಕಾಡು ಎರಡೂ ಕಡೆ ಇತ್ತು, ಹಂದಿ–ಚಿರತೆಗಳ ಭಯ ಎರಡೂ ಕಡೆ ಇತ್ತು, ಬಂದೂಕಿನ ಜೊತೆಗಿನ ನಂಟೂ ಅಷ್ಟೇ ಹಳೆಯದು. ಕೊಟ್ಟದ್ದೂ ಕಸಿದದ್ದೂ ಅಗತ್ಯವನ್ನು ಅಳೆದು ಅಲ್ಲ, ನಿಷ್ಠೆಯನ್ನು ಅಳೆದು. ಕೊಡವರ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉತ್ತರದ ಬೇಡರಿಗೆ ಅಂಥ ಯಾವ ಹಕ್ಕೂ ಬರಲಿಲ್ಲ.

ಈಚಿನ ಕಾಲ

ಬತ್ತಿಯ ಬಂದೂಕಿನ ನಂತರ ಕೇಪಿನದು, ಆಮೇಲೆ ತೋಟಾದ ಬಂದೂಕು ಬಂತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಸುರಪುರ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಆಯುಧ ಕಾಯಿದೆ ಈಗಲೂ ಆಧಾರ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕು, ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು: ಈ ಎರಡಕ್ಕೂ ಅದು ಲೈಸೆನ್ಸಿನ ದಾರಿ ಇಟ್ಟಿದೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆ ವೇಳೆ ಹೊಲದಲ್ಲಿ ಫಸಲು ನಿಂತಿದ್ದರೆ ರೈತನಿಗೆ ಪಟಾಕಿ, ತಮಟೆಯೇ ಆಸರೆ.

ಕಾಡಿನೊಳಗಿನ ನಿಯಮ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ಅದರ ಸುತ್ತ 10 ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು ತಮ್ಮ ಹೆಸರು ನೋಂದಾಯಿಸಬೇಕು, ಅಲ್ಲಿ ಹೊಸ ಲೈಸೆನ್ಸಿಗೂ ಪರಿಪಾಲಕರ ಒಪ್ಪಿಗೆ ಬೇಕು. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ. ಆದರೆ ಕಾಯಿದೆ ಮುರಿಯುತ್ತಿರುವಾಗ ಕೊಂದವನಿಗೆ ಈ ರಕ್ಷಣೆ ಸಿಗದು, ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಹೊರದೇಶಗಳಲ್ಲಿ ಒಂದೇ ನೀತಿಯಿಲ್ಲ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಊರಾಚೆ ಹೋಗುವವರು ಹಿಮಕರಡಿಯನ್ನು ಬೆದರಿಸುವ ಸಾಧನ ಒಯ್ಯಲೇಬೇಕು, ಬಂದೂಕನ್ನೂ ಒಯ್ಯುವಂತೆ ಅಲ್ಲಿನ ಆಡಳಿತ ಸಲಹೆ ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು ಬಂದೂಕು ಒಯ್ಯಲು 2010ರಿಂದ ಅವಕಾಶವಿದೆ. ಅಲಾಸ್ಕದ ಕರಡಿ ಪ್ರಸಂಗಗಳ ಅಧ್ಯಯನಗಳಲ್ಲಿ ಮೆಣಸಿನ ಸ್ಪ್ರೇ ಹೆಚ್ಚಿನ ಸಂದರ್ಭಗಳಲ್ಲಿ ಕರಡಿಯನ್ನು ಹಿಮ್ಮೆಟ್ಟಿಸಿದ್ದು ಕಂಡುಬಂದಿದೆ. ಬಂದೂಕಿದ್ದವರು ಗುಂಡು ಹಾರಿಸಿದರೂ ಹಾರಿಸದಿದ್ದರೂ ಗಾಯದ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಠಾತ್ತನೆ ಎದುರಾದ ಪ್ರಾಣಿಯ ಮುಂದೆ ಗುರಿ ಹಿಡಿಯಲು ಹೊತ್ತೇ ಸಿಗುವುದಿಲ್ಲ. ಬತ್ತಿಯ ಬಂದೂಕಿನ ಕಾಲದ ಬೇಡರು ಗುಂಪು ಬಿಟ್ಟು ಬೇಟೆಗೆ ಹೋಗದಿದ್ದುದಕ್ಕೂ ಇದೇ ಕಾರಣ.

ಸುರಪುರದ ಕಾಡೂ ಹಳೆಯ ಹಾಗೆ ಉಳಿದಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಕುರುಚಲು ಬಯಲಿನ ಬಹುಭಾಗ ಭತ್ತ, ಹತ್ತಿಯ ಹೊಲವಾಗಿದೆ. ತೋಳ, ಕೃಷ್ಣಮೃಗಗಳ ಜಾಗ ಕಿರಿದಾಗಿದೆ. ನೀರು–ಬೆಳೆ ಕಂಡ ಕಾಡುಹಂದಿ ಹೊಲಕ್ಕೆ ನುಗ್ಗುತ್ತದೆ. ಗುಡ್ಡ ಹತ್ತುವ ಚಾರಣಿಗರೂ ಬೋನಾಳ ಕೆರೆಯ ಹಕ್ಕಿ ನೋಡಲು ಬರುವವರೂ ಇಂದು ಬರುವುದು ದುರ್ಬೀನು, ಕ್ಯಾಮೆರಾ ಹಿಡಿದು. ದಾರಿ ತೋರಿಸಲು ಊರಿನವರೊಬ್ಬರು ಜೊತೆಗಿದ್ದರೆ ಸಾಕು.