ಮನೆಯ ಹಾಸಿಗೆಗೆ ವಿಮೆಯಿಲ್ಲ

1980ರವರೆಗೆ ತೀವ್ರ ಸ್ಲೀಪ್ ಅಪ್ನಿಯಾಕ್ಕೆ ಖಚಿತವಾಗಿ ಫಲ ಕೊಡುತ್ತಿದ್ದ ಚಿಕಿತ್ಸೆ ಒಂದೇ: ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಡುವುದು. ಹಗಲು ಮುಚ್ಚಿ ರಾತ್ರಿ ತೆರೆಯಬೇಕಾದ ಆ ರಂಧ್ರದೊಂದಿಗೆ ಬದುಕಲು ಹಲವರು ಒಪ್ಪುತ್ತಿರಲಿಲ್ಲ.

ಕಾಯಿಲೆ ಹಳೆಯದು, ಅದಕ್ಕೆ ಸಿಕ್ಕ ಹೆಸರು ಹೊಸದು. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಢೂತಿ ಹುಡುಗ ಕೆಲಸದ ನಡುವೆಯೇ ಗೊರಕೆ ಹೊಡೆಯುತ್ತಾನೆ. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅತಿಯಾದ ತೂಕ ಮತ್ತು ತೂಕಡಿಕೆಯ ರೋಗಿಯೊಬ್ಬನನ್ನು ವರ್ಣಿಸಲು ಅದೇ ಪುಸ್ತಕದ ಹೆಸರನ್ನು ಎರವಲು ಪಡೆದರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ದಾಖಲಿಸಿದರು. ಗಂಟಲಿನ ಸ್ನಾಯು ಸಡಿಲಾಗಿ ಗಾಳಿಯ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆ ಎಚ್ಚರಗೊಂಡು ಉಸಿರೆಳೆಸುತ್ತದೆ. ಗಂಟೆಗೆ 30 ಬಾರಿ ಹೀಗಾದರೆ ಕಾಯಿಲೆ ತೀವ್ರ.

1980ರ ಜೂನ್‌ನಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರು, ಕೊಳವೆ ಮತ್ತು ಮುಖವಾಡ ಜೋಡಿಸಿ, ಕುತ್ತಿಗೆಯ ಶಸ್ತ್ರಚಿಕಿತ್ಸೆ ಬೇಡವೆಂದ ರೋಗಿಯ ಮೂಗಿಗೆ ಗಾಳಿ ಊದಿದರು. ಗಾಳಿಯ ಒತ್ತಡ ಗಂಟಲಿನ ಗೋಡೆಗೆ ಊರುಗೋಲಾಯಿತು. ಗೊರಕೆ ನಿಂತಿತು, ರೋಗಿ ಗಾಢ ನಿದ್ದೆಗೆ ಜಾರಿದ. 1981ರ ಏಪ್ರಿಲ್‌ನಲ್ಲಿ ಐವರು ರೋಗಿಗಳ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಇಂದು ಸಿಪ್ಯಾಪ್ ಎನ್ನುವ ಯಂತ್ರ ಹುಟ್ಟಿದ್ದು ಹೀಗೆ.

ಚಿಕಿತ್ಸೆ ಆಸ್ಪತ್ರೆಯಿಂದ ಮನೆಯ ಹಾಸಿಗೆಗೆ ಬಂತು. ನಮ್ಮಲ್ಲಿ ವಿಮೆ ಅದರ ಜೊತೆ ಬರಲಿಲ್ಲ. 1986ರಲ್ಲಿ ಸರ್ಕಾರಿ ಕಂಪನಿಗಳು ತಂದ ಮೆಡಿಕ್ಲೇಮ್, ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ಭರಿಸಲೆಂದು ರೂಪಿಸಿದ್ದು. ವಿಮಾ ನಿಯಂತ್ರಣ ಪ್ರಾಧಿಕಾರದ 2013ರ ಮಾರ್ಗಸೂಚಿಯ ಪಟ್ಟಿಯಲ್ಲಿ ಸಿಪ್ಯಾಪ್ ಉಪಕರಣದ ಮುಂದೆ ಪಾವತಿ ಇಲ್ಲ ಎಂದೇ ಇತ್ತು. ಕೇವಲ ತಪಾಸಣೆಗಾಗಿ ದಾಖಲಾದರೂ ಸಾಮಾನ್ಯವಾಗಿ ಹಣ ಸಿಗದು. ಆದರೆ ಅದೇ ಪ್ರಾಧಿಕಾರದ ನಿಯಮದಂತೆ, ಬಿಎಂಐ 35 ಅಥವಾ ಹೆಚ್ಚಿದ್ದು, ತೀವ್ರ ಸ್ಲೀಪ್ ಅಪ್ನಿಯಾ ಇದ್ದು, ಉಳಿದ ಉಪಾಯಗಳು ಸೋತಿದ್ದರೆ ವೈದ್ಯರು ಸೂಚಿಸಿದ ಬೊಜ್ಜು ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡುವಂತಿಲ್ಲ. ಕತ್ತರಿಗೆ ಸಿಗುವ ಹಣ ಗಾಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಒಂದು ಮಿತಿಯೊಳಗೆ ಯಂತ್ರದ ಹಣ ಕೊಡುತ್ತದೆ. ಖಾಸಗಿ ನೌಕರಿಯವರು, ಅಂಗಡಿಯವರು, ಚಾಲಕರು ಹತ್ತಾರು ಸಾವಿರ ರೂಪಾಯಿಯನ್ನು ಸಾಮಾನ್ಯವಾಗಿ ತಮ್ಮ ಜೇಬಿನಿಂದಲೇ ಹೊಂದಿಸಬೇಕು. ಪಾಲಿಸಿ ಇದ್ದ ಹಲವರೂ ಇಲ್ಲದವರೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಕಡಿಮೆ ಖರ್ಚಿನ ದಾರಿಗಳಿಗೂ ಇತಿಹಾಸವಿದೆ. ಅಂಗಾತ ಮಲಗದಂತೆ ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವುದು ಹಳೆಯ ಉಪಾಯ. ತೂಕ ಶೇ. 10ರಷ್ಟು ಇಳಿದರೆ ಉಸಿರು ನಿಲ್ಲುವುದು ಸುಮಾರು ಕಾಲುಭಾಗ ತಗ್ಗುತ್ತದೆ ಎಂದು ವಿಸ್ಕಾನ್ಸಿನ್‌ನ ಅಧ್ಯಯನ 2000ದಲ್ಲಿ ಅಂದಾಜಿಸಿತು. 2008ರಲ್ಲಿ ಟೊರಾಂಟೊದಿಂದ ಬಂದ ಎಂಟು ಪ್ರಶ್ನೆಗಳ ‘ಸ್ಟಾಪ್-ಬ್ಯಾಂಗ್’ ಪಟ್ಟಿ, ಪರೀಕ್ಷೆ ಯಾರಿಗೆ ತುರ್ತು ಎಂಬುದನ್ನು ಖರ್ಚಿಲ್ಲದೆ ಸೂಚಿಸುತ್ತದೆ. ಲ್ಯಾಬಿನಲ್ಲಿ ರಾತ್ರಿ ಕಳೆಯುವ ಬದಲು ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. 2025ರಲ್ಲಿ ಜೈಪುರದ ವೈದ್ಯರು 30 ರೋಗಿಗಳ ಅಧ್ಯಯನ ಪ್ರಕಟಿಸಿದರು: ಆರು ತಿಂಗಳು ಶಂಖ ಊದಿದವರಲ್ಲಿ ಹಗಲಿನ ತೂಕಡಿಕೆ ಶೇ. 34ರಷ್ಟು ಇಳಿದಿತ್ತು. ಅಧ್ಯಯನ ಚಿಕ್ಕದು, ಶಂಖ ಯಂತ್ರಕ್ಕೆ ಬದಲಿಯಲ್ಲ.

ಈ ಉಪಾಯಗಳು ಸೌಮ್ಯ ಹಂತದಲ್ಲಿ ಆಸರೆಯಾಗಬಲ್ಲವು. ತೀವ್ರ ಹಂತದಲ್ಲಿ ಇವನ್ನೇ ನೆಚ್ಚಿ ಕೂರುವುದು ಅಪಾಯ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬೈನಲ್ಲಿ ತೀರಿಕೊಂಡಾಗ ವೈದ್ಯರು ಕೊಟ್ಟ ಕಾರಣ ಇದೇ ಕಾಯಿಲೆ. ಅಂದು ಅನೇಕ ಮನೆಗಳಲ್ಲಿ ಈ ಹೆಸರು ಮೊದಲ ಬಾರಿಗೆ ಕೇಳಿಸಿತು. ಚಿಕಿತ್ಸೆ ಸಿಗದ ಅಪ್ನಿಯಾ ರಕ್ತದೊತ್ತಡ ಏರಿಸುತ್ತದೆ, ಹೃದಯವನ್ನು ದಣಿಸುತ್ತದೆ, ಸ್ಟಿಯರಿಂಗ್ ಹಿಡಿದವರನ್ನು ನಿದ್ದೆಗೆ ತಳ್ಳುತ್ತದೆ. ಮುಂದೆ ಹೃದಯಾಘಾತವಾಗಿ ಆಸ್ಪತ್ರೆ ಸೇರಿದರೆ ಆ ಬಿಲ್ಲನ್ನು ವಿಮೆ ಕಟ್ಟುತ್ತದೆ. ಅದನ್ನು ತಡೆಯಬಹುದಾಗಿದ್ದ ರಾತ್ರಿಗಳ ಲೆಕ್ಕ ಹೆಚ್ಚಿನ ಪಾಲಿಸಿಗಳಲ್ಲಿ ಸೇರುವುದಿಲ್ಲ.