ಒಂಟಿ ಎಂಜಿನ್ನಿನಲ್ಲಿ ಮರಳಿದವರು

ಹಾಸನ ಸಮೀಪದ ಕೊರವಂಗಲಕ್ಕೆ ಹೋದದ್ದು 12ನೇ ಶತಮಾನದ ಬೂಚೇಶ್ವರ ಗುಡಿಯನ್ನು ನೋಡಲು. ಅಂಗಳದಲ್ಲಿ ನಿಂತಿದ್ದಾಗ ನೆತ್ತಿಯ ಮೇಲೆ ವಿಮಾನವೊಂದು ಪಡುವಣಕ್ಕೆ ಹಾದುಹೋಯಿತು. ನಕಾಶೆಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮಂಗಳೂರಿನದಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಈ ಊರಿನ ಮೇಲೆಯೇ ಹೋಗುತ್ತದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: ‘ಅಲ್ಲ ಕಣಪ್ಪ, ಹೋಗ್ತಾ ಹೋಗ್ತಾ ಅದರ ಇಂಜಿನ್ನು ನಿಂತೋದ್ರೆ ನಮ್ಮ ತೋಟಕ್ಕೇ ಬೀಳ್ತದಾ?’

‘ಇಲ್ಲ ಅಜ್ಜಾ’ ಎಂದೆ. ಯಾಕಿಲ್ಲ ಎಂದು ವಿವರಿಸಲು ಮಾತ್ರ ಆಗ ಬಾಯಿ ಬರಲಿಲ್ಲ.

2024ರ ಮೇ 18ರ ರಾತ್ರಿಯನ್ನೇ ನೋಡಿ. ಪುಣೆಯಿಂದ ಬೆಂಗಳೂರಿಗೆ ಬಂದು ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಬಲಗಡೆಯ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗಿದ್ದವರು 179 ಪ್ರಯಾಣಿಕರು, ಆರು ಮಂದಿ ಸಿಬ್ಬಂದಿ. ವಿಮಾನ ಕೆಂಪೇಗೌಡ ನಿಲ್ದಾಣಕ್ಕೇ ಮರಳಿ ರಾತ್ರಿ 11 ಗಂಟೆ ದಾಟಿದ ಮೇಲೆ ಇಳಿಯಿತು. ಕೆಲವರಿಗೆ ಸಣ್ಣಪುಟ್ಟ ಗಾಯ, ಎಲ್ಲರೂ ಬದುಕಿದರು.

ಇದು ಪವಾಡವಲ್ಲ, ಲೆಕ್ಕಾಚಾರ. ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನ ಒಂದರ ಬಲದಲ್ಲೇ ಮೇಲೇರಬಲ್ಲದು ಎಂದು ಪರೀಕ್ಷೆಯಲ್ಲಿ ತೋರಿಸದ ಹೊರತು ಅದಕ್ಕೆ ಪರವಾನಗಿ ಇಲ್ಲ. ಪ್ರತಿ ಹಾರಾಟಕ್ಕೆ ಮುನ್ನ ಪೈಲಟ್‌ಗಳು ಒಂದು ‘ನಿರ್ಧಾರದ ವೇಗ’ವನ್ನು ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್ ಹಾಕಬೇಕು. ದಾಟಿದ ಮೇಲೆ ಕೆಟ್ಟರೆ ಹಾರಲೇಬೇಕು, ಏಕೆಂದರೆ ನಿಲ್ಲಲು ರನ್‌ವೇ ಉಳಿದಿರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಎಂಜಿನ್ನಿನ ಕಸುವು ತುಸು ಕಡಿಮೆ. ಆ ಲೆಕ್ಕವೂ ಸೇರುತ್ತದೆ. ಒಂದು ಬದಿಯ ಎಂಜಿನ್ ನಿಂತಾಗ ಮೂತಿ ಅದೇ ಬದಿಗೆ ತಿರುಗುತ್ತದೆ, ಒಂದೇ ಎತ್ತು ಎಳೆಯುವ ಗಾಡಿಯಂತೆ. ಪೈಲಟ್ ಎದುರು ಬದಿಯ ಪೆಡಲ್ ಒತ್ತಿ ಅದನ್ನು ನೇರ ಮಾಡುತ್ತಾರೆ.

ಎರಡೂ ನಿಂತರೆ? ಎತ್ತರವಿದ್ದರೆ ಆಗಲೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. 2001ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ಆರಿಹೋದ ಏರ್ ಟ್ರಾನ್ಸಾಟ್ ವಿಮಾನ ಸುಮಾರು 19 ನಿಮಿಷ ತೇಲಿಕೊಂಡು ಬಂದು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. 306 ಜನರೂ ಉಳಿದರು. ಎತ್ತರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ನೋಡಿದ್ದೇವೆ.

ಒಂಟಿ ಎಂಜಿನ್ನಿನ ಮೇಲೆ ಇಷ್ಟು ನಂಬಿಕೆ ಹಿಂದೆ ಇರಲಿಲ್ಲ. 1953ರಲ್ಲಿ ಅಮೆರಿಕ ಮಾಡಿದ ನಿಯಮದಂತೆ ಎರಡು ಎಂಜಿನ್ನಿನ ವಿಮಾನ ಯಾವುದಾದರೊಂದು ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವಂತಿರಲಿಲ್ಲ. ಜೆಟ್ ಎಂಜಿನ್‌ಗಳು ಪಳಗಿದ ಮೇಲೆ, 1985ರಲ್ಲಿ, ಅದು 120 ನಿಮಿಷಕ್ಕೆ ಏರಿತು. ಮುಂದೆ ಇನ್ನೂ ಹಿಗ್ಗಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಹಾದಿಯಲ್ಲಿ ಬೆಂಗಳೂರಿಗೆ ಬಂದದ್ದು ಎರಡೇ ಎಂಜಿನ್ನಿನ ಬೋಯಿಂಗ್ 777ರಲ್ಲಿ. ಅದೇ ಬಗೆಯ ಮತ್ತೊಂದು ವಿಮಾನ 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ ಒಂದು ಎಂಜಿನ್ನಿನಲ್ಲಿ ದೋಷ ಕಂಡು ರಷ್ಯಾದ ಮಗದಾನ್‌ನಲ್ಲಿ ಇಳಿಯಬೇಕಾಯಿತು. ಪ್ರಯಾಣಿಕರು ಶಾಲೆಯ ಕೊಠಡಿಗಳಲ್ಲಿ ಮಲಗಿದರು. ಅನಾನುಕೂಲವೇ ಸರಿ, ಆದರೆ ಸಮುದ್ರದ ಪಾಲಾಗಲಿಲ್ಲ.

ಯಂತ್ರಕ್ಕಿಂತ ಹೆಚ್ಚಾಗಿ ಕೈಕೊಡುವುದು ಗಾಬರಿ. 1989ರ ಜನವರಿಯಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ, ಕೆಟ್ಟ ಎಂಜಿನ್ ಬಿಟ್ಟು ಒಳ್ಳೆಯದನ್ನೇ ಆರಿಸಿದ ಪ್ರಮಾದಕ್ಕೆ 47 ಜನ ಸತ್ತರು. 2017ರಲ್ಲಿ ದೆಹಲಿಯಿಂದ ಹೊರಟ ಗೋಏರ್ ವಿಮಾನಕ್ಕೆ ಹಕ್ಕಿ ಬಡಿದಾಗಲೂ ಪೈಲಟ್‌ಗಳು ಇದೇ ತಪ್ಪು ಮಾಡಿದರು. ತಪ್ಪು ತಿಳಿದು ಸರಿಪಡಿಸಿಕೊಂಡು ಮರಳಿ ಇಳಿಸಿದರು ಎನ್ನುವುದು ಪುಣ್ಯ.

ನಿಂತ ಎಂಜಿನ್ನನ್ನು ಗಾಳಿಯಲ್ಲೇ ಮತ್ತೆ ಹೊತ್ತಿಸುವುದನ್ನು ಯಾರಾದರೂ ಮೊದಲು ಮಾಡಿ ನೋಡಬೇಕಷ್ಟೆ. ಆ ಕೆಲಸ ನಮ್ಮ ನೆಲದಲ್ಲೂ ನಡೆದಿದೆ, ಅದರ ಬೆಲೆಯನ್ನೂ ತೆತ್ತಿದ್ದೇವೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ 14 ಆಸನಗಳ ‘ಸಾರಸ್’ ವಿಮಾನದ ಎರಡನೇ ಮಾದರಿ 2009ರ ಮಾರ್ಚ್ 6ರಂದು ಎಚ್‌ಎಎಲ್ ನಿಲ್ದಾಣದಿಂದ ಹೊರಟಿತು. ಅಂದಿನ ಪರೀಕ್ಷೆ: ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಅದು ಕೈಗೂಡಲಿಲ್ಲ. ವಿಮಾನ ಬಿಡದಿ ಸಮೀಪದ ಶೇಷಗಿರಿಹಳ್ಳಿ ಬಳಿ ಬಿತ್ತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಉಳಿಯಲಿಲ್ಲ. ಎಂಜಿನ್ ಮತ್ತೆ ಹೊತ್ತಿಸಲು ವಿನ್ಯಾಸಕಾರರು ಹಾಕಿಕೊಟ್ಟ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಹಾರಿಸಿದವರ ಕೌಶಲವನ್ನಷ್ಟೇ ನೆಚ್ಚಿ ಕೂರುವಂತಿಲ್ಲ ಎಂದು ನನಗನ್ನಿಸಿದ್ದು ಈ ಸಾಲನ್ನು ಓದಿದಾಗ.

ಯೋಜನೆ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. 2018ರ ಜನವರಿ 24ರಂದು, ಹೆಚ್ಚು ಬಲದ ಎಂಜಿನ್‌ಗಳನ್ನು ಕೂರಿಸಿಕೊಂಡ ಹಳೆಯ ಮೊದಲ ಮಾದರಿ ಅದೇ ಎಚ್‌ಎಎಲ್ ನಿಲ್ದಾಣದಿಂದ ಮೇಲೆದ್ದು, ಸುಮಾರು 40 ನಿಮಿಷ ಹಾರಿ, ಮರಳಿ ಇಳಿಯಿತು.